ಗೋಡೆ ಬಿಡದ ಗುಳ್ಳೆಗಳು

ನಾಸಿಕದಿಂದ ಹೊರಟ ಕಾರು ಸಿನ್ನರ್ ದಾಟುವವರೆಗೂ ರಘೋತ್ತಮನಿಗೆ ತನ್ನ ತೊಡೆಯ ಮೇಲಿದ್ದ ಸ್ಟೀಲ್ ಡಬ್ಬಿಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅದರಲ್ಲಿ ಶೇಂಗಾ ಹೋಳಿಗೆ ಇತ್ತು. ಪರೀಕ್ಷಕರಿಗೆಂದು ಪ್ರಾಚಿಯ ತಾಯಿ ನಸುಕಿನಲ್ಲೆದ್ದು ಮಾಡಿ ಕಳಿಸಿದ್ದು. ಹಿಂದಿನ ಸೀಟಿನಲ್ಲಿ ರೊಟ್ಟಿಯ ಗಂಟು, ಎಣ್ಣೆಗಾಯಿಯ ಪಾತ್ರೆ, ಮೊಸರಿನ ಕ್ಯಾನುಗಳ ನಡುವೆ ಅವನ ಹೆಂಡತಿ ಅಂಬುಜಾ ಮತ್ತು ಅವನ ಶಿಷ್ಯೆ ಪ್ರಾಚಿ ಹೇಗೋ ತೂರಿಕೊಂಡು ಕೂತಿದ್ದರಿಂದ ಈ ಒಂದು ಡಬ್ಬಿ ಮಾತ್ರ ಮಾನ್ಯ ಮಾರ್ಗದರ್ಶಕರ ತೊಡೆಗೆ ಬಂದಿತ್ತು. ಪಿಎಚ್‌ಡಿಯ ಮೌಖಿಕ ಪರೀಕ್ಷೆಯಲ್ಲಿ ಯಾರು ಏನು ಕೇಳಬೇಕೆಂದು ನಿಯಮಾವಳಿಯಲ್ಲಿ ಬರೆದಿರುತ್ತದೆ. ಊಟ ಯಾರು ತರಬೇಕೆಂದು ಬರೆದಿರುವುದಿಲ್ಲ, ಆದರೆ ಅದು ಎಲ್ಲರಿಗೂ ಗೊತ್ತಿರುತ್ತದೆ. ಕಾರು ವಿದ್ಯಾರ್ಥಿಯ ಮನೆಯದು, ಊಟ ವಿದ್ಯಾರ್ಥಿಯ ಮನೆಯದು, ಶಾಲು ತೆಂಗಿನಕಾಯಿ ಕೂಡ ವಿದ್ಯಾರ್ಥಿಯ ಮನೆಯವೇ. ಗೈಡು ತರಬೇಕಾದದ್ದು ಗಾಂಭೀರ್ಯ ಮಾತ್ರ. ರಘೋತ್ತಮ ಅದನ್ನು ಇಸ್ತ್ರಿ ಮಾಡಿದ ಅಂಗಿಯ ಜೊತೆಗೇ ತೊಟ್ಟುಕೊಂಡು ಬಂದಿದ್ದ. ಕಾರು ನಡೆಸುತ್ತಿದ್ದವನು ಪ್ರಾಚಿಯ ತಂದೆ ಯಶವಂತ. ಗದಗಿನ ಕಡೆಯವನು, ಓಝರ್ ಬಳಿಯ ವಿಮಾನ ಕಾರ್ಖಾನೆಗೆ ಫಿಟರ್ ಆಗಿ ಬಂದು ಈಗ ನಿವೃತ್ತಿಯ ಅಂಚಿನಲ್ಲಿದ್ದ. ಮಗಳ ಗುರುಗಳು ಪಕ್ಕದಲ್ಲಿ ಕೂತಿದ್ದಾರೆಂಬ ಭಯಭಕ್ತಿಯಿಂದ ಗೇರ್ ಬದಲಿಸುವಾಗಲೂ ಮೊಣಕೈ ತಾಗದಂತೆ ಮೈ ಹಿಡಿದುಕೊಂಡಿದ್ದ. ಎ.ಸಿ. ಹೆಚ್ಚಾಯಿತೇ ಎಂದು ಕೇಳುವನು, ಕಡಿಮೆ ಮಾಡಿ, ಕಡಿಮೆಯಾಯಿತೇ ಎಂದು ಕೇಳುವನು. ಹೋಗುತ್ತಿರುವ ಊರಿನ ಹೆಸರು ಅವನ ಬಾಯಿಗೆ ಹಳೆಯದೇ ಬರುತ್ತಿತ್ತು. ಅರ್ಧದಲ್ಲಿ ನುಂಗಿಕೊಂಡು ಸಂಭಾಜಿನಗರ ಎಂದು ತಿದ್ದಿಕೊಳ್ಳುತ್ತಿದ್ದ. ಆಡಿದ ಮಾತನ್ನು ಇಷ್ಟು ಸಲೀಸಾಗಿ ತಿದ್ದಿಕೊಳ್ಳಬಲ್ಲ ಮನುಷ್ಯನ ಪಕ್ಕದಲ್ಲಿ ಕೂರುವುದು ರಘೋತ್ತಮನಿಗೆ ಇವತ್ತು ಕಷ್ಟವಾಗುತ್ತಿತ್ತು.

ಪ್ರಾಚಿಯ ಪ್ರಬಂಧ ಗುಳ್ಳೆಗಳ ಬಗ್ಗೆ. ವೆಸಿಕಲ್ ಎಂದು ಅವುಗಳ ಹೆಸರು. ಕೊಬ್ಬಿನ ತೆಳು ಪೊರೆಯ ಪುಟ್ಟ ಚೀಲ, ಒಳಗೂ ನೀರು, ಹೊರಗೂ ನೀರು. ಒಳಗಿನ ನೀರಿಗೆ ಸಕ್ಕರೆ ಬೆರೆಸುತ್ತಾರೆ, ಹೊರಗಿನ ನೀರಿಗೆ ಗ್ಲೂಕೋಸ್. ಒಳಗಿನದು ತುಸು ಭಾರವಾದ್ದರಿಂದ ಚೀಲ ಮೆಲ್ಲಗೆ ಮುಳುಗಿ ತಳದ ಗಾಜಿನ ಹತ್ತಿರ ಹೋಗಿ ಕೂರುತ್ತದೆ. ಆ ಗಾಜಿಗೆ ಈ ಶಾಸ್ತ್ರದವರು ಗೋಡೆ ಎನ್ನುತ್ತಾರೆ. ಆಮೇಲೆ ನೀರನ್ನು ಹರಿಯಬಿಟ್ಟು, ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ, ಗೋಡೆಯ ಪಕ್ಕದ ಚೀಲ ಏನು ಮಾಡುತ್ತದೆಂದು ನೋಡುತ್ತ ಕೂರಬೇಕು; ಹೀಗೆ ನೋಡುತ್ತ ಕೂತು ಕೆಲವರ ಮದುವೆಯ ವಯಸ್ಸು ದಾಟಿದೆ. ಚೀಲ ತುಂಬಿ ದುಂಡಗಿದ್ದರೆ ಗೋಡೆಯ ಪಕ್ಕದಲ್ಲೇ ಉರುಳಿಕೊಂಡು ಹೋಗುತ್ತದೆ, ಮೇಲೇಳುವುದಿಲ್ಲ. ಅರ್ಧ ಖಾಲಿಯಾಗಿ ಜೋಲುಬಿದ್ದಿದ್ದರೆ ಹರಿವಿಗೆ ಓರೆಯಾಗಿ ವಾಲಿಕೊಂಡು, ಪೊರೆಯನ್ನು ತನ್ನ ಸುತ್ತಲೇ ತಿರುಗಿಸುತ್ತ, ಗೋಡೆ ಬಿಟ್ಟು ಮೇಲೇರುತ್ತದೆ. ಹಿಂದೊಮ್ಮೆ ಯಾರದೋ ಮದುವೆಯ ಪಂಕ್ತಿಯಲ್ಲಿ ರಘೋತ್ತಮ ಇದನ್ನು ಪಕ್ಕದ ಎಲೆಯ ಬ್ಯಾಂಕ್ ಮ್ಯಾನೇಜರಿಗೆ ವಿವರಿಸುತ್ತಿದ್ದಾಗ ಅಂಬುಜಾ, ‘ಅಂದ್ರ ತುಂಬಿದ ಕೊಡ ತುಳುಕೂದಿಲ್ಲ, ಅರ್ಧ ಕೊಡಕ್ಕ ಪ್ರಮೋಶನ್ ಸಿಗ್ತದ, ಹೌದಲ್ರೀ?’ ಎಂದು ಕೇಳಿದ್ದಳು. ಪಂಕ್ತಿಯೆಲ್ಲ ನಕ್ಕಿತ್ತು. ಅವನೂ ನಕ್ಕಿದ್ದ, ಯಾಕೆಂದರೆ ಅದೇ ವಾರ ಅವನು ವಿಭಾಗದ ಮುಖ್ಯಸ್ಥನಾಗಿದ್ದ.

ಲೋಕಕ್ಕೆಲ್ಲ ಗೊತ್ತಿದ್ದ ಈ ಮಾತನ್ನು ಪ್ರಾಚಿಯ ಚೀಲಗಳು ಕೇಳಲಿಲ್ಲ. ನಾಸಿಕದ ಅವನ ಪ್ರಯೋಗಾಲಯದಲ್ಲಿ ಜೋಲುಬಿದ್ದ ಚೀಲಗಳು ಕೂಡ ಗೋಡೆ ಬಿಡಲೊಲ್ಲವು. ನೀರು ಎಷ್ಟು ಜೋರಾಗಿ ಹರಿದರೂ ಗಾಜನ್ನು ಹಿಡಿದುಕೊಂಡು ತೆವಳುವವು. ಪ್ರಾಚಿ ಹೆದರಿಕೊಂಡು ಬಂದು ತನ್ನದೇ ಏನೋ ತಪ್ಪಾಗಿದೆ ಎಂದಿದ್ದಳು. ರಘೋತ್ತಮ ನೋಡಿದ, ನೋಡುತ್ತಲೇ ಇದ್ದ, ಹೈಸ್ಕೂಲಿನಲ್ಲಿ ವಿಜ್ಞಾನ ಮೇಳದ ಬಹುಮಾನ ಕೈಗೆ ಬಂದ ದಿನ ಎದ್ದಿದ್ದ ಹಿಗ್ಗು ಮತ್ತೆ ಎದ್ದಿತು. ತಪ್ಪಲ್ಲ, ಇದು ಹೊಸದು ಎಂದು ಅವಳಿಗೆ ಹೇಳಿದ. ಗೋಡೆಯ ಒಲವು ಎಂಬರ್ಥ ಬರುವಂತೆ ಇಂಗ್ಲಿಷಿನಲ್ಲಿ ಒಂದು ಹೆಸರಿಟ್ಟ. ವಿದೇಶದ ಪತ್ರಿಕೆ ಲೇಖನವನ್ನು ಅಚ್ಚುಹಾಕಿತು. ಕಾಲೇಜಿನ ಕಮಾನಿಗೆ ಅವನ ಫೋಟೋದ ಬ್ಯಾನರ್ ಕಟ್ಟಿದರು. ಮಳೆ ಬಂದು ಬ್ಯಾನರಿನಲ್ಲಿ ಅವನ ಮೂಗು ಅಳಿಸುವ ತನಕ ಅದು ಅಲ್ಲೇ ಇತ್ತು. ಸಮ್ಮೇಳನವೊಂದರಲ್ಲಿ ಅವನು, ಕೆಲವರು ಇದನ್ನು ರಘೋತ್ತಮ ಪರಿಣಾಮ ಎಂದೂ ಕರೆಯುತ್ತಾರೆ ಎಂದು ವಿನಯದಿಂದ ಹೇಳಿದ್ದ. ಆ ಕೆಲವರು ಯಾರೆಂದು ಸಭೆ ಕೇಳಲಿಲ್ಲ. ಸಭೆಗಳ ಬಗ್ಗೆ ಅವನಿಗೆ ಅಂದಿನಿಂದ ಬಹಳ ಗೌರವ.

ಸಮೃದ್ಧಿ ಹೆದ್ದಾರಿ ಹತ್ತಿದ ಮೇಲೆ ಅಂಬುಜಾ ಹಿಂದಿನಿಂದ ನೀರಿನ ಬಾಟಲಿ ಮುಂದೆ ಚಾಚಿದಳು. ಏಪ್ರಿಲ್‌ನ ಬಿಸಿಲು ರಸ್ತೆಯ ಮೇಲೆ ಆಗಲೇ ನಡುಗುತ್ತಿತ್ತು. ಬಾಟಲಿ ವಾಪಸು ಕೊಡಲೆಂದು ರಘೋತ್ತಮ ತಿರುಗಿ ನೋಡಿದರೆ ಅವಳ ಮಡಿಲಲ್ಲಿ ಆ ಪಾಕೀಟು ಇತ್ತು. ಬೇಸಿಗೆಯಲ್ಲಿ ಮೆಡಿಕಲ್ ಅಂಗಡಿಯವರು ಎದುರಿಗೇ ಜೋಡಿಸಿಡುವ ಗ್ಲೂಕೋಸ್ ಪುಡಿ. ಕಿತ್ತಳೆ ವಾಸನೆಯದಲ್ಲ, ಬಿಳಿಯದು, ಸಾದಾ. ಎಲ್ಲರಿಗೂ ಒಂದೊಂದು ಲೋಟ ಕಲಸಿ ಕೊಡಲೇ ಎಂದು ಅಂಬುಜಾ ಕೇಳಿದಳು. ಬೇಡ, ಒಳಗಿಡು, ಕಾರಿನಲ್ಲಿ ಚೆಲ್ಲುತ್ತದೆ ಎಂದು ಅವನು ಎಷ್ಟು ಬಿರುಸಾಗಿ ಹೇಳಿದನೆಂದರೆ ಯಶವಂತ ಗಾಬರಿಯಿಂದ ಕಾರಿನ ವೇಗ ಕಡಿಮೆ ಮಾಡಿದ. ಅಂಬುಜಾ ಪಾಕೀಟನ್ನು ಚೀಲಕ್ಕೆ ತುರುಕಿದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಕಳೆದ ವಾರ ಹೊರಗಿನಿಂದ ಬಂದವನಿಗೆ ಇದೇ ಪುಡಿ ಕಲಸಿ ಲೋಟ ಕೈಗೆ ಕೊಟ್ಟವಳು ಅವಳೇ. ಕುಡಿಯುತ್ತ ಸುಮ್ಮನೆ ಪಾಕೀಟಿನ ಬೆನ್ನು ಓದಿದ್ದ. ಅಚ್ಚಾದದ್ದು ಏನು ಕಂಡರೂ ಓದುವ ಚಟ ಅವನದು. ಗ್ಲೂಕೋಸ್ ಜೊತೆಗೆ ವಿಟಮಿನ್, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಕ್ಯಾಲ್ಸಿಯಂ. ಲೋಟ ಕೆಳಗಿಟ್ಟು ಆ ಸಾಲನ್ನು ಇನ್ನೊಮ್ಮೆ ಓದಿದ. ಕ್ಯಾಲ್ಸಿಯಂ ಇದ್ದಲ್ಲಿ ಕೊಬ್ಬಿನ ಪೊರೆ ಗಾಜಿಗೆ ಅಂಟಿಕೊಳ್ಳುತ್ತದೆ, ಇದನ್ನು ಅವನು ಎಂ.ಎಸ್ಸಿ. ಮಕ್ಕಳಿಗೆ ಪ್ರತಿ ವರ್ಷ ಪಾಠ ಮಾಡುತ್ತಾನೆ. ಮತ್ತು ಆ ಕ್ಷಣಕ್ಕೆ ಅವನಿಗೆ ಕಂದು ಬಣ್ಣದ ಡಬ್ಬಿ ನೆನಪಾಗಿತ್ತು.

ಕಮಿಟಿ ಬರುವ ವರ್ಷ ಅದು. ಕಾಲೇಜುಗಳಿಗೆ ದರ್ಜೆ ಕೊಡುವ ಕಮಿಟಿ ಬರುತ್ತದೆಂದರೆ ಮನೆಗೆ ಬೀಗರು ಬಂದಂತೆ; ಮರಗಳ ಬುಡಕ್ಕೆ ಸುಣ್ಣ, ಕೆಮ್ಮಣ್ಣು, ಇಲ್ಲದ ಗ್ರಂಥಾಲಯಕ್ಕೆ ನಾಮಫಲಕ, ಬಾರದ ಹುಡುಗರಿಗೆ ಹಾಜರಿ. ಪ್ರಯೋಗಾಲಯದ ಕಪಾಟಿನಲ್ಲಿ ಶುದ್ಧ ಗ್ಲೂಕೋಸ್‌ನ ಆ ದೊಡ್ಡ ಕಂದು ಡಬ್ಬಿ ಬೋಳು ಬೋಳಾಗಿ ಕೂತಿತ್ತು; ಹೊಸದಕ್ಕೆ ಬರೆದ ಕೋರಿಕೆ ಮೇಜಿನಿಂದ ಮೇಜಿಗೆ ತೀರ್ಥಯಾತ್ರೆ ಹೋಗಿ ಇನ್ನೂ ಬಂದಿರಲಿಲ್ಲ. ಖಾಲಿ ಡಬ್ಬಿ ಕಂಡರೆ ಚೆನ್ನಾಗಿರುವುದಿಲ್ಲ ಎಂದು ಪ್ರಿನ್ಸಿಪಾಲರು ಎಲ್ಲ ವಿಭಾಗಗಳಿಗೂ ಸೂಚಿಸಿದ್ದರು. ರಸಾಯನಶಾಸ್ತ್ರದವರು ಬಾಟಲಿಗಳಿಗೆ ನೀರು ತುಂಬಿ ಬಿರಡೆ ಹಾಕಿದರು. ರಘೋತ್ತಮ ಅಷ್ಟು ಕೀಳಿಗೆ ಇಳಿಯುವವನಲ್ಲ. ಅವನು ಗ್ಲೂಕೋಸ್ ಡಬ್ಬಿಗೆ ಗ್ಲೂಕೋಸನ್ನೇ ಹಾಕಿದ. ಅಂಬುಜಾ ಬೇಸಿಗೆಗೆಂದು ತಂದಿಟ್ಟ ಪಾಕೀಟುಗಳನ್ನೆಲ್ಲ ಮನೆಯಿಂದ ಒಯ್ದು, ಸಾಲದ್ದಕ್ಕೆ ಮೂಲೆಯ ಮೆಡಿಕಲ್‌ನಿಂದ ಇನ್ನಷ್ಟು ಕೊಂಡು, ಕತ್ತಿನವರೆಗೆ ತುಂಬಿದ. ಕಮಿಟಿಯ ಅಧ್ಯಕ್ಷರು ಕಪಾಟಿನ ಮುಂದೆ ನಿಂತು ತಲೆಯಾಡಿಸಿದ್ದರು. ಮರುದಿನ ಚೆಲ್ಲಿಬಿಡಬೇಕೆಂದಿದ್ದ, ಮರುದಿನ ಒಳ್ಳೆಯ ದರ್ಜೆ ಬಂದ ಸಂತೋಷಕ್ಕೆ ರಜೆ ಕೊಟ್ಟರು. ರಜೆ ಮುಗಿದ ಮೇಲೆ ಪ್ರಾಚಿ ಬಂದು ಡಬ್ಬಿ ತುಂಬಿರುವುದನ್ನು ಕಂಡು, ಅಂತೂ ಬಂತಲ್ಲ ಎಂದು ಖುಷಿಪಟ್ಟು ಕೆಲಸ ಶುರುಮಾಡಿದಳು. ಅವನು ಮರೆತಿದ್ದ. ಇದು ಸುಳ್ಳಲ್ಲ, ನಿಜವಾಗಿಯೂ ಮರೆತಿದ್ದ, ಮತ್ತು ಈ ಒಂದು ವಾರದಲ್ಲಿ ಅವನು ತನಗೆ ತಾನೇ ಅತಿ ಹೆಚ್ಚು ಸಲ ಹೇಳಿಕೊಂಡ ಮಾತು ಅದೇ.

ಹೊಸ ಡಬ್ಬಿ ಹೋದ ವರ್ಷ ಬಂತು. ಪ್ರಬಂಧದ ಕೊನೆಗೆ ಸೇರಿಸಲು ಬೇಕಾಗಿದ್ದ ಒಂದು ಸರಣಿಯನ್ನು ಪ್ರಾಚಿ ಅದರಲ್ಲಿ ಮಾಡಿದಳು. ಜೋಲುಬಿದ್ದ ಚೀಲಗಳು ಪುಸ್ತಕದಲ್ಲಿ ಹೇಳಿದಂತೆ ಗೋಡೆ ಬಿಟ್ಟು ಎದ್ದು ಹೋದವು. ಅವಳು ಅವನ ಕೋಣೆಗೆ ಬಂದು, ಕುರ್ಚಿ ತೋರಿಸಿದರೂ ಕೂರದೆ ಅತ್ತಿದ್ದಳು. ಅವಳ ಕನ್ನಡ ನಾಸಿಕದಲ್ಲಿ ಬೆಳೆದ ಮಕ್ಕಳ ಕನ್ನಡ. ಕೇಳಿದರೆ ಎಲ್ಲ ತಿಳಿಯುತ್ತದೆ, ಆಡುವಾಗ ಅರ್ಧ ಮರಾಠಿಯೇ ಬರುತ್ತದೆ. ಇಷ್ಟು ವರ್ಷ ತಾನು ಗಾಜನ್ನು ಸರಿಯಾಗಿ ತೊಳೆದಿಲ್ಲವೇನೋ, ಅದಕ್ಕೇ ಚೀಲಗಳು ಅಂಟಿದವೇನೋ, ತನ್ನ ಕೈಯೇ ಸರಿಯಿಲ್ಲವೇನೋ ಎಂದು ಎರಡೂ ಭಾಷೆಯಲ್ಲಿ ಹೇಳಿದ್ದಳು. ಆಗ ಅವನಿಗೂ ಕಾರಣ ಗೊತ್ತಿರಲಿಲ್ಲ, ಹಾಗಾಗಿ ಆಗಿನ ಮೌನಕ್ಕೆ ಪಾಪವಿಲ್ಲ. ಆ ಕೋಷ್ಟಕವನ್ನು ಅನುಬಂಧದಲ್ಲಿ ಹಾಕು, ಸಣ್ಣ ಅಕ್ಷರದಲ್ಲಿ ಎಂದು ಸಲಹೆ ಕೊಟ್ಟಿದ್ದ. ಅವಳು ಅದನ್ನು ಕೊನೆಯ ಅಧ್ಯಾಯದಲ್ಲಿ ದೊಡ್ಡ ಅಕ್ಷರದಲ್ಲೇ ಹಾಕಿದಳು. ಪಾಪದ ಲೆಕ್ಕ ಶುರುವಾಗುವುದು ಕಳೆದ ವಾರದ ಆ ಲೋಟದಿಂದ. ಮರುದಿನ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ, ಹಳೆಯ ಕಂದು ಡಬ್ಬಿಯ ತಳದಲ್ಲಿ ಇನ್ನೂ ಉಳಿದಿದ್ದ ಪುಡಿಯನ್ನು ಸಿಂಕಿಗೆ ಸುರಿದು, ವಿಭಾಗದ ಮುಖ್ಯಸ್ಥ ಅಂಗಿಯ ತೋಳು ಮಡಿಸಿಕೊಂಡು ಡಬ್ಬಿ ತೊಳೆಯುತ್ತಿದ್ದ. ಹಿಂದಿನಿಂದ ಪ್ರಾಚಿ ಬಂದಳು. ಸರ್ ತೊಳೆಯುವುದು, ತಾನು ನೋಡುತ್ತ ನಿಲ್ಲುವುದು ಅವಳಿಂದಾಗದು. ಅವನ ಕೈಯಿಂದ ಡಬ್ಬಿ ಕಸಿದುಕೊಂಡು, ಮೂಲೆಯಲ್ಲಿ ಉಳಿದಿದೆ ಎಂದು ಇನ್ನೊಂದು ಸಲ ಬ್ರಶ್ ಹಾಕಿ ತಿಕ್ಕಿ, ಬೋರಲು ಹಾಕಿದ್ದಳು. ಅವನು ಕರ್ಚೀಫಿನಿಂದ ಕೈ ಒರೆಸಿಕೊಳ್ಳುತ್ತ ಥ್ಯಾಂಕ್ಸ್ ಎಂದಿದ್ದ. ನೆನೆದಾಗಲೆಲ್ಲ ಅವನಿಗೆ ಹೇಸಿಕೆಯಾಗುವುದು ಡಬ್ಬಿಯದಲ್ಲ, ಆ ಥ್ಯಾಂಕ್ಸಿನದು.

‘ಸರ್,’ ಹಿಂದಿನ ಸೀಟಿನಿಂದ ಪ್ರಾಚಿ ಕೇಳಿದಳು, ‘ಆ ಲಾಸ್ಟ್ ಟೇಬಲ್ ಬಗ್ಗೆ ಮೃದುಲಾ ಮ್ಯಾಡಮ್ ವಿಚಾರ್‍ಲೇ ತರ್ ನಾ ಏನ್ ಹೇಳ್ಲಿ?’

ಡಾ. ಮೃದುಲಾ ಪುಣೆಯಿಂದ ಬರುವ ಪರೀಕ್ಷಕಿ. ಇದೇ ವಿಷಯದಲ್ಲಿ ಕೂದಲು ನೆರೆಸಿಕೊಂಡವರು, ಕೇಳದೆ ಬಿಡುವವರಲ್ಲ. ಈಗ ಹೇಳಿಬಿಡಬೇಕು ಎಂದು ರಘೋತ್ತಮನಿಗೆ ಅನಿಸಿತು. ನಾಲಿಗೆಯ ತುದಿಯಲ್ಲಿ ವಾಕ್ಯ ಸಿದ್ಧವಾಗಿಯೇ ಇತ್ತು, ಚಿಕ್ಕದು, ಕರ್ತೃ ಕರ್ಮ ಕ್ರಿಯಾಪದ ಎಲ್ಲ ಸರಿಯಿತ್ತು. ಪಕ್ಕದಲ್ಲಿ ಅವಳ ತಂದೆ ಸ್ಟೀರಿಂಗ್ ಹಿಡಿದಿದ್ದಾನೆ, ತೊಡೆಯ ಮೇಲೆ ಅವಳ ತಾಯಿಯ ಹೋಳಿಗೆ ಬೆಚ್ಚಗಿದೆ. ಇಂಥ ಮಾತನ್ನು ಕಾರಿನಲ್ಲಿ ಹೇಳುವುದು ಗೌರವವಲ್ಲ, ಅಲ್ಲಿ ಮುಟ್ಟಿದ ಮೇಲೆ ಬದಿಗೆ ಕರೆದು ಹೇಳಿದರಾಯಿತು ಎಂದುಕೊಂಡ. ‘ನಿನಗ ಏನ್ ಖರೇ ಅನಸ್ತದ ಅದನ್ನs ಹೇಳು’ ಎಂದ. ಗುರುಗಳು ಹೇಳಬೇಕಾದ ಮಾತೇ ಅದು. ಯಶವಂತ ಕನ್ನಡಿಯಲ್ಲಿ ಮಗಳನ್ನು ನೋಡಿ, ಕೇಳಿಸಿಕೊಂಡೆಯಾ ಎಂಬಂತೆ ಹುಬ್ಬು ಹಾರಿಸಿದ. ಅಲ್ಲಿ ಮುಟ್ಟಿದ ಮೇಲೆ ಬದಿಗೆ ಕರೆಯಲು ಬದಿಯೇ ಸಿಗಲಿಲ್ಲ. ವಿಶ್ವವಿದ್ಯಾಲಯ ಹೊರವಲಯದ ಖಾಸಗಿಯದು, ಹೊಸ ಗಾಜಿನ ಕಟ್ಟಡ, ಹಿಂದೆ ಇಲ್ಲಿ ಕೆಲಸಕ್ಕಿದ್ದ ದಿನಗಳಿಂದ ಅವನ ಗೈಡ್‌ಗಿರಿ ಇಲ್ಲಿಯೇ ಉಳಿದಿತ್ತು. ಹಳೆಯ ಸಹೋದ್ಯೋಗಿಗಳು ಬಂದು ಕೈ ಕುಲುಕಿದರು, ಗೋಡೆಯ ಒಲವಿನ ಬಗ್ಗೆ ತಮಾಷೆ ಮಾಡಿದರು, ಕಾಲು ಒತ್ತಲು ಯಾರಿಗಾದರೂ ಹೇಳಲೇ ಎನ್ನುವಷ್ಟು ಉಪಚಾರ ಮಾಡಿದರು. ಅವನು ಎಲ್ಲರಿಗೂ ನಗುನಗುತ್ತ ಉತ್ತರಿಸುತ್ತ, ಬದಿ ಸಿಗದೇ ಇದ್ದದ್ದಕ್ಕೆ ಒಳಗೊಳಗೇ ದೇವರಿಗೆ ಕೈಮುಗಿಯುತ್ತಿದ್ದ.

ಸೆಮಿನಾರ್ ಹಾಲಿನಲ್ಲಿ ಎ.ಸಿ. ವೇದಿಕೆಯ ಮೇಲಿನವರಿಗೆ ಮಾತ್ರ ತಾಗುತ್ತಿತ್ತು. ಪ್ರಾಚಿ ಕೈಮಗ್ಗದ ಹಸಿರು ಸೀರೆಯುಟ್ಟು, ಸೆರಗನ್ನು ಪಿನ್ನಿನಿಂದ ಬಿಗಿದು, ಪರದೆಯ ಪಕ್ಕದಲ್ಲಿ ನಿಂತಳು. ಪರದೆಯ ಮೇಲೆ ಗುಳ್ಳೆಗಳು ಬಂದವು. ಬೂದು ಹಿನ್ನೆಲೆಯಲ್ಲಿ ಕಪ್ಪಗೆ, ಜೋಲುಮೋರೆ ಹಾಕಿಕೊಂಡು, ಗಾಜನ್ನು ಹಿಡಿದು ತೆವಳುತ್ತಿದ್ದವು. ಹರಿವು ಅವನ್ನು ಎಬ್ಬಿಸಲು ನೋಡುತ್ತಿತ್ತು. ಅವು ಒಂದು ಬದಿ ಏಳುವಂತೆ ಮಾಡಿ ಮತ್ತೆ ಅಂಟಿಕೊಳ್ಳುವವು. ಇಷ್ಟು ವರ್ಷ ಇದನ್ನು ಹೆಮ್ಮೆಯಿಂದ ನೋಡಿದ್ದ ರಘೋತ್ತಮನಿಗೆ ಇವತ್ತು ಅವುಗಳ ಬಗ್ಗೆ ನಾಚಿಕೆಯಾಯಿತು. ಅವಕ್ಕೆ ಏಳುವ ಮನಸ್ಸಿತ್ತು ಎಂದು ಅನಿಸಿತು. ಪ್ರಾಚಿ ಕೊನೆಯ ಕೋಷ್ಟಕಕ್ಕೆ ಬಂದಳು. ಮೃದುಲಾ ಕನ್ನಡಕ ಹಾಕಿಕೊಂಡು, ಮುಂದೆ ಬಾಗಿ, ಮೊದಲ ನಾಲ್ಕು ಅಧ್ಯಾಯಗಳಲ್ಲಿ ಗೋಡೆ ಬಿಡದ ಚೀಲಗಳು ಇಲ್ಲಿ ಯಾಕೆ ಬಿಟ್ಟವು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಕೇಳಿದ ರೀತಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ತಿಳಿದುಕೊಳ್ಳುವ ಆಸೆಯಿತ್ತು, ಅದೇ ಭಯಂಕರವಾಗಿತ್ತು. ಪ್ರಾಚಿ ಒಂದು ಸಲ ರಘೋತ್ತಮನತ್ತ ನೋಡಿದಳು. ಆಮೇಲೆ, ಮೊದಲ ಪ್ರಯೋಗಗಳಲ್ಲಿ ಗಾಜನ್ನು ತೊಳೆಯುವುದರಲ್ಲಿ ತನ್ನಿಂದ ಕುಂದಾಗಿರಬಹುದು, ಬೇರೆ ಯಾವ ಕಾರಣವೂ ತನಗೆ ಹೊಳೆಯುತ್ತಿಲ್ಲ, ಹಾಗಿದ್ದರೆ ಪ್ರಬಂಧದ ಮುಖ್ಯ ಮಾತೇ ಬಿದ್ದುಹೋಗುತ್ತದೆ ಎಂಬುದು ತನಗೆ ಗೊತ್ತು ಎಂದು ಒಂದೇ ಉಸಿರಿಗೆ ಹೇಳಿದಳು. ಹಿಂದಿನ ಸಾಲಿನಲ್ಲಿ ಕೂತ ಯಶವಂತನಿಗೆ ಅಷ್ಟು ಇಂಗ್ಲಿಷ್ ತಿಳಿಯುತ್ತಿತ್ತು. ಅವನು ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡ. ಎಲ್ಲರೂ ಗೈಡಿನತ್ತ ತಿರುಗಿದರು.

ರಘೋತ್ತಮ ಎದ್ದುನಿಂತ. ಏಳುವಾಗ ಅವನಿಗೆ ಹೇಳಬೇಕೆಂದೇ ಇತ್ತು, ಇದರಲ್ಲಿ ಅನುಮಾನವಿಲ್ಲ. ಕಂದು ಡಬ್ಬಿ, ಕಮಿಟಿ, ಮೆಡಿಕಲ್ ಅಂಗಡಿ. ಅರ್ಧ ನಿಮಿಷದ ಮಾತು. ನಗುತ್ತಾರೆ. ಪತ್ರಿಕೆಗೆ ಬರೆದು ಲೇಖನ ವಾಪಸು ತೆಗೆದುಕೊಳ್ಳಬೇಕಾಗುತ್ತದೆ, ಬ್ಯಾನರಿನಲ್ಲಿ ಅಳಿಸಿದ ಮೂಗು ಈಗ ನಿಜವಾಗಿ ಹೋಗುತ್ತದೆ, ಅಷ್ಟೇ. ಆದರೆ ಎದ್ದುನಿಂತ ಎತ್ತರದಿಂದ ಅವನಿಗೆ ಮೃದುಲಾ ಅವರ ಮುಖ ಕಂಡಿತು. ಆ ಮುಖದಲ್ಲಿ ಮೆಚ್ಚುಗೆ ಆಗಲೇ ಹದವಾಗಿ ಕೂತಿತ್ತು. ಶಿಷ್ಯೆಯೊಬ್ಬಳು ಇಷ್ಟು ನೇರವಾಗಿ ಮಾತಾಡಬೇಕಾದರೆ ಗುರು ಎಂಥವನಿರಬೇಕು ಎಂಬ ಮೆಚ್ಚುಗೆ. ಅದು ಅವನದಾಗಲು ಒಂದು ವಾಕ್ಯ ಸಾಕಾಗಿತ್ತು, ಮತ್ತು ಬಾಯಿ ಆ ವಾಕ್ಯವನ್ನು ಅವನನ್ನು ಕೇಳದೆಯೇ ಆಡಿತು. ಈ ಕೋಷ್ಟಕವನ್ನು ಸೇರಿಸಲೇಬೇಕೆಂದು ಹಟ ಹಿಡಿದವನು ತಾನು ಎಂದ. ಫಲಿತಾಂಶ ನಮಗೆ ಅನುಕೂಲವಿಲ್ಲದಿದ್ದರೂ ಮುಚ್ಚಿಡಬಾರದು ಎಂಬುದು ತನ್ನ ಪ್ರಯೋಗಾಲಯದ ನಿಯಮ ಎಂದ. ವಿಜ್ಞಾನದಲ್ಲಿ ಕೈ ತಪ್ಪಬಹುದು, ಮನಸ್ಸು ತಪ್ಪಬಾರದು ಎಂದ. ಈ ಕೊನೆಯ ಮಾತು ಎಲ್ಲಿಂದ ಬಂತೋ ಅವನಿಗೇ ಆಶ್ಚರ್ಯವಾಯಿತು. ಎಷ್ಟು ದುಂಡಗಿತ್ತು ಅದು. ಹುಡುಗರು ಚಪ್ಪಾಳೆ ತಟ್ಟಿದರು. ಮೃದುಲಾ, ಇಂಥ ಗೈಡುಗಳು ಈಗ ಅಪರೂಪ ಎಂದರು. ಮೊದಲ ಭಾಗವನ್ನು ತಿದ್ದಿ, ಅಭ್ಯರ್ಥಿಯ ಶುಚಿಗೊಳಿಸುವ ಕ್ರಮದಲ್ಲಿ ಆಗಿರಬಹುದಾದ ಲೋಪದಿಂದ ಹೀಗಾಯಿತು ಎಂದು ಒಂದು ಪ್ಯಾರಾ ಬರೆದು ಸೇರಿಸಿದರೆ ಪದವಿಗೆ ಅಡ್ಡಿಯಿಲ್ಲ ಎಂದು ಶಿಫಾರಸು ಮಾಡಿದರು. ಪ್ರಾಚಿ ಎಲ್ಲವನ್ನೂ ತಲೆಬಗ್ಗಿಸಿ ಬರೆದುಕೊಂಡಳು. ಸರ್ ಹಟ ಹಿಡಿದದ್ದು ಯಾವಾಗ ಎಂದು ಅವಳು ನೆನಪಿಸಿಕೊಳ್ಳಲು ಪ್ರಯತ್ನಿಸುತ್ತಿರುವಂತೆ ಕಂಡಿತು, ಅಥವಾ ಅವನಿಗೆ ಹಾಗೆ ಕಂಡಿತು.

ಆಮೇಲೆ ಸತ್ಕಾರ. ಯಶವಂತ ಮಗಳ ಕೈಯಲ್ಲಿ ಶಾಲು ಕೊಟ್ಟು, ತಾನು ತೆಂಗಿನಕಾಯಿ ಹಿಡಿದು, ಮೊದಲು ಮೃದುಲಾ ಅವರಿಗೆ, ಆಮೇಲೆ ಗುರುಗಳಿಗೆ ಅವಳಿಂದಲೇ ಹೊದಿಸಿದ. ಆ ಸೆಕೆಯಲ್ಲಿ ಉಣ್ಣೆಯ ಶಾಲು ಕುತ್ತಿಗೆಗೆ ಚುಚ್ಚುತ್ತಿತ್ತು. ತೆಗೆದರೆ ಅವಮರ್ಯಾದೆ ಎಂದು ಅವನು ಹೊದ್ದುಕೊಂಡೇ ಊಟಕ್ಕೆ ಕೂತ. ಹೋಳಿಗೆಯನ್ನು ಎಲ್ಲರೂ ಹೊಗಳಿದರು. ಮೃದುಲಾ ಎರಡನೆಯದನ್ನು ಕೇಳಿ ಹಾಕಿಸಿಕೊಂಡರು, ಪುಣೆಯ ದಾರಿ ದೂರ ಎಂದು ಬೇಗ ಕೈತೊಳೆದು ಕೆಳಗಿಳಿದರು. ಕೈತೊಳೆಯುವಲ್ಲಿ ಯಶವಂತ ರಘೋತ್ತಮನ ಹತ್ತಿರ ಬಂದು ನಿಂತ. ಅವನ ಕಣ್ಣು ಕೆಂಪಗಿತ್ತು.

‘ಸರ್, ಒಂದ ಮಾತ ಹೇಳ್ತೀನಿ, ತಪ್ಪ ತಿಳೀಬ್ಯಾಡ್ರಿ. ನಮ್ಮ ಹುಡುಗಿ ಸಣ್ಣಾಕಿದ್ದಾಗಿಂದ ನೀರ ಕುಡಿಯೂ ಲೋಟಾ ಸೈತ ಎರಡ ಸಲ ತೊಳೀತಾಳ್ರಿ. ನಮ್ಮ ಕಾರ್ಖಾನ್ಯಾಗ ಕಲ್ತದ್ದು ನಾನs ಆಕಿಗೆ ಕಲ್ಸಿದ್ದು, ಕೈ ಹೊಲಸಿದ್ರ ವಿಮಾನ ಬೀಳತೈತಿ ಅಂತ. ಆಕೀ ಕೈ ಹೊಲಸು ಅಂದ್ರ ನನಗ ನಂಬಿಕಿ ಬರವಲ್ದು. ಆದ್ರೂ ನೀವು ನಿಂತು ಮಾತಾಡಿ ಉಳಿಸಿದ್ರಿ. ನಿಮ್ಮ ಉಪಕಾರ ಮರ್‍ಯೂದಿಲ್ರಿ.’

ಅವನು ನಿಜವಾಗಿಯೂ ಕೈಮುಗಿದ. ರಘೋತ್ತಮ ನಳವನ್ನು ಇನ್ನಷ್ಟು ತಿರುಗಿಸಿದ. ನೀರು ಜೋರಾಗಿ ಬಂತು. ನಾಚಿಕೆಯಿಂದ ಸಾಯಬೇಕು ಎನ್ನುತ್ತಾರೆ, ಸಾಯುವುದಿಲ್ಲ. ಶಾಲಿನ ತುದಿ ಒದ್ದೆಯಾಗದಂತೆ ಎತ್ತಿ ಹಿಡಿದುಕೊಳ್ಳುತ್ತಾರೆ. ಅವನು ಹಾಗೆ ಎತ್ತಿ ಹಿಡಿದುಕೊಂಡು ಊಟದ ಕೋಣೆಗೆ ತಿರುಗಿ ಬಂದ.

ಒಳಗೆ ಪ್ರಾಚಿ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಎಲ್ಲರಿಗೂ ಬಡಿಸುತ್ತ ಓಡಾಡಿ, ಈಗ ತಲೆ ತಿರುಗಿತ್ತು. ಅಂಬುಜಾ ಅವಳ ಹಣೆ ಒರೆಸಿ, ತನ್ನ ಚೀಲದಿಂದ ಪಾಕೀಟು ತೆಗೆದು, ಲೋಟದ ನೀರಿಗೆ ಧಾರಾಳವಾಗಿ ಪುಡಿ ಸುರಿದು ಚಮಚದಿಂದ ಕಲಕುತ್ತಿದ್ದಳು. ರಘೋತ್ತಮ ಬಾಗಿಲಲ್ಲೇ ನಿಂತ. ಕೂಗಬೇಕೆಂದರೆ ಏನೆಂದು ಕೂಗುವುದು, ಗ್ಲೂಕೋಸ್ ಕೊಡಬೇಡ ಎಂದೇ?

‘ಕುಡಿ ತಾಯಿ, ಜೀವಕ್ಕ ಜೀವ ಬರ್ತದ’ ಎಂದಳು ಅಂಬುಜಾ. ಗಂಡ ಬಂದದ್ದನ್ನು ಕಂಡು ಅವಳ ಮುಖ ಅರಳಿತು. ಸಂತೋಷದ ದಿನ, ನಾಲ್ಕು ಜನರ ಮುಂದೆ ಗಂಡನ ಕಾಲೆಳೆಯುವ ಹಕ್ಕು ಅವಳಿಗಿತ್ತು. ‘ನಮ್ಮ ಮನ್ಯಾಗ ಬ್ಯಾಸಗಿ ಪೂರ್ತಿ ಇದನ್ನ ಇಟ್ಟಿರ್ತೀನಿ ನಾ. ನಿಮ್ಮ ಸರ್ ಏನ್ ಮಾಡಿದ್ರು ಗೊತ್ತದ ಏನು, ಕಮಿಟಿ ಬಂದಾಗ ಲ್ಯಾಬಿನ ಡಬ್ಬಿ ತುಂಬಿಧಂಗ ಕಾಣಲಿ ಅಂತ ನನ್ನ ಪಾಕೀಟೆಲ್ಲಾ ಒಯ್ದು ಸುರದ್ರು. ಇವತ್ತಿನ ತನಕ ತಿರುಗಿ ಕೊಟ್ಟಿಲ್ಲ ನೋಡು.’

ಪ್ರಾಚಿ ನಕ್ಕಳು, ನಗಬೇಕಾದ ಮಾತು ಅದು. ಲೋಟ ತುಟಿಗಿಟ್ಟು ಅರ್ಧ ಕುಡಿದಳು. ಆಮೇಲೆ ಲೋಟ ಇಳಿಸಿದಳು.

‘ಯಾವ ಡಬ್ಬಿ, ಕಾಕು?’

‘ಅದೇನೋ ಕಂದು ಬಣ್ಣದ್ದು, ದೊಡ್ಡದು. ಅವರನ್ನs ಕೇಳು.’

ಅವಳು ಕೇಳಲಿಲ್ಲ. ಮೇಜಿನ ಮೇಲಿನ ಪಾಕೀಟನ್ನು ತೆಗೆದುಕೊಂಡು ಬೆನ್ನು ತಿರುಗಿಸಿದಳು. ಸಣ್ಣ ಅಕ್ಷರ ಓದಲು ಅವಳಿಗೆ ಕನ್ನಡಕ ಬೇಕಿರಲಿಲ್ಲ. ಅವಳು ಓದುತ್ತಿರುವಷ್ಟು ಹೊತ್ತು ರಘೋತ್ತಮ ಅವಳ ಬೆರಳನ್ನು ನೋಡುತ್ತಿದ್ದ. ಬೆರಳು ಒಂದು ಸಾಲಿನ ಕೆಳಗೆ ಹೋಗಿ ನಿಂತಿತು, ಉಗುರು ಬೆಳ್ಳಗಾಗುವಷ್ಟು ಒತ್ತಿತು. ಸಿಟ್ಟು ಬಂದಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು; ಸಿಟ್ಟಿಗೆ ಅವನಲ್ಲಿ ಉತ್ತರಗಳಿದ್ದವು, ಮರೆತಿದ್ದೆ ಎಂಬುದು ಅವುಗಳಲ್ಲಿ ಮೊದಲನೆಯದು. ಅವಳು ತಲೆಯೆತ್ತಿದಾಗ ಮುಖದಲ್ಲಿ ಇದ್ದದ್ದು ಸಿಟ್ಟಲ್ಲ. ತನ್ನ ಎರಡೂ ಅಂಗೈಗಳನ್ನು ಬಿಚ್ಚಿ ಒಮ್ಮೆ ನೋಡಿಕೊಂಡಳು, ಕಳೆದುಹೋದದ್ದು ಸಿಕ್ಕಿತೆಂಬಂತೆ.

‘ಆ ದಿವಸ ಡಬ್ಬಿ ನಾನs ತೊಳದೆ ಸರ್’ ಎಂದಳು, ಮೆಲ್ಲಗೆ, ಈ ಸಲ ಒಂದು ಮರಾಠಿ ಶಬ್ದವೂ ಇಲ್ಲದೆ. ‘ನಿಮ್ಮ ಕೈಯಿಂದ ಕಸ್ಕೊಂಡು. ಎರಡ ಸಲ.’

ಉಳಿದ ಅರ್ಧ ಲೋಟವನ್ನು ಕುಡಿದು ಮುಗಿಸಿದಳು. ಪಾಕೀಟು ತಾನು ಇಟ್ಟುಕೊಳ್ಳಲೇ ಎಂದು ಅಂಬುಜಾಳನ್ನು ಕೇಳಿದಳು. ಇಟ್ಟುಕೋ, ಅದಕ್ಕೇನು ಎಂದಳು ಅಂಬುಜಾ. ಪ್ರಾಚಿ ಅದರ ಬಾಯಿ ಮಡಚಿ, ಪುಡಿ ಚೆಲ್ಲದಂತೆ ಸೆರಗಿನ ಪಿನ್ನು ತೆಗೆದು ಚುಚ್ಚಿ, ಮೆಟ್ಟಿಲಿಳಿದು ಹೋದಳು. ರಘೋತ್ತಮ ಕಿಟಕಿಗೆ ಬಂದ. ಕೆಳಗೆ ಪೋರ್ಟಿಕೋದಲ್ಲಿ ಮೃದುಲಾ ಅವರ ಕಾರು ಇನ್ನೂ ಹೊರಟಿರಲಿಲ್ಲ; ಡ್ರೈವರ್ ತೆಂಗಿನಕಾಯಿ ಹೂಗುಚ್ಛಗಳನ್ನು ಡಿಕ್ಕಿಯಲ್ಲಿ ಹೊಂದಿಸುತ್ತಿದ್ದ. ಹಸಿರು ಸೀರೆ ಬಿಸಿಲಿಗೆ ಬಂತು. ಓಡುತ್ತಿರಲಿಲ್ಲ, ನಡೆಯುತ್ತಿದ್ದಳು. ಕೂಗಿದರೆ ಕೇಳಿಸುವ ಎತ್ತರವೇ ಅದು. ಅವನು ಕಿಟಕಿಯ ಗಾಜಿಗೆ ಇನ್ನಷ್ಟು ಅಂಟಿಕೊಂಡು ನಿಂತ. ‘ನಾ ಏನರ ತಪ್ಪ ಮಾತಾಡಿದ್ನೇನ್ರೀ?’ ಎಂದು ಅಂಬುಜಾ ಹಿಂದಿನಿಂದ ಕೇಳಿದಳು. ಇಲ್ಲ ಎಂದ. ಇಡೀ ದಿನದಲ್ಲಿ ಅವನು ಆಡಿದ ನಿಜವಾದ ಮಾತು ಅದೊಂದೇ. ಕೆಳಗೆ ಕಾರಿನ ಬಾಗಿಲು ಮತ್ತೆ ತೆರೆಯಿತು. ಮೃದುಲಾ ಇಳಿದರು, ಪಾಕೀಟನ್ನು ಕೈಗೆ ತೆಗೆದುಕೊಂಡರು, ಪರ್ಸಿನಲ್ಲಿ ಕನ್ನಡಕ ಹುಡುಕತೊಡಗಿದರು.

‘ಸರ್, ಶಾಲು ಬಿತ್ತು’ ಎಂದಿತು ಪಕ್ಕದಿಂದ ಒಂದು ದನಿ. ಯಶವಂತ ಬಗ್ಗಿ ಅದನ್ನು ಎತ್ತಿಕೊಂಡ, ಎರಡು ಸಲ ಝಾಡಿಸಿ ಧೂಳು ತೆಗೆದ, ಗುರುಗಳ ಹೆಗಲ ಮೇಲೆ ಮತ್ತೆ ಹೊದಿಸಿ, ಈ ಸಲ ಜಾರದ ಹಾಗೆ ಎರಡೂ ತುದಿಗಳನ್ನು ಎದೆಯ ಮೇಲೆ ಎಳೆದು ಸರಿಪಡಿಸಿದ.